ಕೋವಿಯ ಮರಕ್ಕೂ ಲೋಹಕ್ಕೂ ಒಂದೇ ಎಣ್ಣೆ ಸಾಲದು: ಮಳೆ, ಬೆವರು, ತೇವದಿಂದ ಕಾಪಾಡುವ ಕ್ರಮ

ಕೋವಿಗೆ ಯಾವ ಎಣ್ಣೆ ಹಚ್ಚಬೇಕು? ಓದುಗರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಉಳಿದವು ಬರುತ್ತವೆ. ಮಳೆಯಲ್ಲಿ ನೆನೆದಿದೆ, ಏನು ಮಾಡಲಿ? ನಳಿಗೆಯ ಮೇಲೆ ಕಂದು ಚುಕ್ಕೆ ಎದ್ದಿದೆ, ಉಜ್ಜಬಹುದೇ? ತಪ್ಪದೆ ಎಣ್ಣೆ ಹಾಕುತ್ತಿದ್ದರೂ ಮರ ಕಪ್ಪಾಗುತ್ತಿದೆ, ಯಾಕೆ?

ಆ ಕೊನೆಯ ಪ್ರಶ್ನೆಯಲ್ಲೇ ಮೊದಲನೆಯದಕ್ಕೂ ಉತ್ತರವಿದೆ. ಕೋವಿ ಎಂಬುದು ಒಂದೇ ವಸ್ತುವಲ್ಲ. ತೇವ ಹೀರಿ ಉಬ್ಬುವ ಮರವನ್ನೂ ತೇವ ತಾಗಿದರೆ ತುಕ್ಕು ಹಿಡಿಯುವ ಉಕ್ಕನ್ನೂ ಒಂದಕ್ಕೊಂದು ಒತ್ತಿ ಕೂರಿಸಿದ ಜೋಡಣೆ ಅದು. ಲೋಹವನ್ನು ಕಾಯುವ ಎಣ್ಣೆ ಮರಕ್ಕೆ ಇಳಿದರೆ ಮರ ಮೆತ್ತಗಾಗುತ್ತದೆ. ಮರ ಹಿಡಿದಿಟ್ಟುಕೊಂಡ ತೇವ ಲೋಹವನ್ನು ತಿನ್ನುತ್ತದೆ. ಹಾಗಾಗಿ ಹೆಚ್ಚಿನ ಹಾನಿ ಆಗುವುದು ಇವೆರಡೂ ಸೇರುವ ಗೆರೆಯಲ್ಲಿ, ಹೊರಗಿನಿಂದ ಕಾಣದ ಒಳಬದಿಯಲ್ಲಿ. ಕನ್ನಡಿಯಂತೆ ಹೊಳೆಯುತ್ತಿದ್ದ ಹಳೆಯ ರೈಫಲ್ ಒಂದರ ಮರವನ್ನು ಬಿಚ್ಚಿದಾಗ, ಅಂಚಿನಿಂದ ಕೂದಲೆಳೆಯಷ್ಟು ಕೆಳಗೆ, ನಳಿಗೆಯ ಉದ್ದಕ್ಕೂ ಪೆನ್ಸಿಲಿನಲ್ಲಿ ಎಳೆದಂತಹ ಕಂದು ಗೆರೆಯನ್ನು ನೋಡಿದ್ದೇನೆ. ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಆಳವಿತ್ತು. ಅದರ ಒಡೆಯರು ವರ್ಷಗಟ್ಟಲೆ ಹೊರಮೈಗೆ ತಪ್ಪದೆ ಎಣ್ಣೆ ಒರೆಸಿದವರು.

ಮುಂದೆ ಪದೇ ಪದೇ ಬರುವ ಎರಡು ಪದಗಳನ್ನು ಈಗಲೇ ಹೇಳಿಬಿಡುತ್ತೇನೆ. ಸ್ಟಾಕ್ ಎಂದರೆ ಭುಜಕ್ಕೆ ಆನಿಸಿ ಕೈಯಲ್ಲಿ ಹಿಡಿಯುವ ಮರದ ಭಾಗ. ಆ್ಯಕ್ಷನ್ ಎಂದರೆ ತೋಟಾವನ್ನು ಒಳಗೆ ಕೂರಿಸಿ, ಸಿಡಿಸಿ, ಖಾಲಿ ಕೋಶವನ್ನು ಹೊರಹಾಕುವ ಯಂತ್ರಭಾಗ.

ಬೇಕಾಗುವ ಸಾಮಾನು

ಒಗೆದು ಮೆತ್ತಗಾದ ಹತ್ತಿ ಬಟ್ಟೆ, ಹಳೆಯ ಹಲ್ಲುಜ್ಜುವ ಬ್ರಷ್, ನಳಿಗೆಯ ಅಳತೆಗೆ ಒಪ್ಪುವ ಶುಚಿಗೊಳಿಸುವ ಸರಳು, ಕೋವಿಗೆಂದೇ ತಯಾರಾದ ತೆಳು ಎಣ್ಣೆ, ಉಜ್ಜುಪುಡಿ ಬೆರೆಸದ ಗಟ್ಟಿ ಮೇಣ, ಕಂಚಿನ ನಾರು ಅಥವಾ 0000 ಸಂಖ್ಯೆಯ ಅತಿ ನಯವಾದ ಉಕ್ಕಿನ ನಾರು, ಮರಕ್ಕೆ ಅಗಸೆ ಎಣ್ಣೆ ಇಲ್ಲವೇ ಟಂಗ್ ಮರದ ಬೀಜದಿಂದ ತೆಗೆದ ಟಂಗ್ ಎಣ್ಣೆ, ಕೈಗವಸು. ಸ್ಕ್ರೂಡ್ರೈವರ್‌ನ ತುದಿ ಸ್ಕ್ರೂವಿನ ಸೀಳಿನಲ್ಲಿ ಅಲುಗಾಡದೆ ಕೂರಬೇಕು. ಸಡಿಲವಾದದ್ದನ್ನು ತಿರುಗಿಸಿದರೆ ಸೀಳು ಕಿತ್ತುಹೋಗುತ್ತದೆ, ಜಾರಿದರೆ ಲೋಹದ ಮೇಲೆ ಅಳಿಸಲಾಗದ ಗೀರು ಬೀಳುತ್ತದೆ. ಕಾರುಗಳಿಗೆ ಬಳಸುವ ಎಷ್ಟೋ ಮೇಣಗಳಲ್ಲಿ ನುಣ್ಣನೆಯ ಉಜ್ಜುಪುಡಿ ಇರುತ್ತದೆ. ಡಬ್ಬಿಯ ಮೇಲಿನ ಬರಹವನ್ನು ಓದದೆ ಅಂಥದ್ದನ್ನು ತರಬೇಡಿ.

ಹಂತ 1: ಖಾಲಿಯಾಗಿದೆಯೇ ನೋಡಿ

ತೋಟಾಪೆಟ್ಟಿಗೆ ತೆಗೆಯಿರಿ, ಆ್ಯಕ್ಷನ್ ತೆರೆಯಿರಿ, ತೋಟಾ ಕೂರುವ ಕೋಣೆಯನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ. ತೋಟಾಗಳು ಕೆಲಸದ ಮೇಜಿನ ಮೇಲಲ್ಲ, ಆ ಕೋಣೆಯಲ್ಲೇ ಇರಬಾರದು. ಇದು ಸುರಕ್ಷತೆಗೆ ಮಾತ್ರವಲ್ಲ: ಒಳನುಗ್ಗುವ ಗುಣದ ಎಣ್ಣೆ ತೋಟಾದ ಬುಡದಲ್ಲಿರುವ ಸಿಡಿಮದ್ದಿನೊಳಗೆ ಸೇರಿದರೆ ಅದು ಸತ್ತುಹೋಗಬಹುದು.

ಹಂತ 2: ಲೋಹದ ಮೇಲಿರುವುದು ಯಾವ ಲೇಪ?

ಇದನ್ನು ಗುರುತಿಸದೆ ಯಾವ ಶೀಶೆಯ ಮುಚ್ಚಳವನ್ನೂ ತೆರೆಯಬೇಡಿ.

ನೀಲಿಗಪ್ಪು ಹೊಳಪಿದ್ದರೆ ಅದು ಬ್ಲೂಯಿಂಗ್. ಅದು ಬಣ್ಣ ಬಳಿದದ್ದಲ್ಲ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ಕುದಿಯುವ ದ್ರಾವಣದಲ್ಲಿ ಮುಳುಗಿಸಿ, ಉಕ್ಕಿನ ಮೇಲ್ಪದರವನ್ನೇ ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡ್ ಆಗಿ ಮಾರ್ಪಡಿಸಿರುತ್ತಾರೆ. ಇನ್ನೊಂದು ಹಳೆಯ ಕ್ರಮದಲ್ಲಿ, ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ, ನೀರಿನಲ್ಲಿ ಕುದಿಸಿ ಆ ಕೆಂಪು ತುಕ್ಕನ್ನು ಕಪ್ಪಾಗಿಸಿ, ಉಜ್ಜಿ, ಮತ್ತೆ ಮತ್ತೆ ಹಾಗೆಯೇ ಮಾಡುತ್ತಾರೆ. ಜೋಡಿನಳಿಗೆಯ ಕೋವಿಗಳಿಗೆ ಈಗಲೂ ಈ ನಿಧಾನದ ದಾರಿಯೇ ಸರಿ, ಯಾಕೆಂದರೆ ಬಿಸಿ ಕಾಸ್ಟಿಕ್ ದ್ರಾವಣ ನಳಿಗೆಗಳನ್ನು ಜೋಡಿಸಿರುವ ಬೆಸುಗೆಯನ್ನೇ ತಿಂದುಹಾಕುತ್ತದೆ.

ಇಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಮಾತು ಎರಡು. ಬ್ಲೂಯಿಂಗ್ ಪದರ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪವಿರುತ್ತದೆ, ಅದು ತಾನಾಗಿ ನೀರನ್ನು ತಡೆಯುವುದಿಲ್ಲ. ಅದರ ಸಣ್ಣ ರಂಧ್ರಗಳಲ್ಲಿ ನಿಂತ ಎಣ್ಣೆ ತಡೆಯುತ್ತದೆ. ಎರಡನೆಯದು, ಕೆಂಪು ತುಕ್ಕೂ ಕಬ್ಬಿಣದ ಆಕ್ಸೈಡೇ, ಬ್ಲೂಯಿಂಗ್ ಕೂಡ ಕಬ್ಬಿಣದ ಆಕ್ಸೈಡೇ. ಒಂದನ್ನು ಕರಗಿಸುವುದು ಇನ್ನೊಂದನ್ನೂ ಕರಗಿಸುತ್ತದೆ. ವಿನೆಗರ್, ನಿಂಬೆರಸ, ಅಂಗಡಿಯ ತುಕ್ಕುನಿವಾರಕ ದ್ರವಗಳು ತುಕ್ಕಿನ ಜೊತೆ ಬಣ್ಣವನ್ನೂ ಒಯ್ಯುತ್ತವೆ, ಅದೂ ನಿಮಿಷಗಳಲ್ಲಿ.

ಮಂಕು ಬೂದಿ ಅಥವಾ ಕಪ್ಪು ಬಣ್ಣದ, ಹೊಳಪಿಲ್ಲದ ಮೈ ಇದ್ದರೆ ಅದು ಬಹುಮಟ್ಟಿಗೆ ಪಾರ್ಕರೈಸಿಂಗ್, ಅಂದರೆ ಫಾಸ್ಫೇಟ್ ಲೇಪ. ಸೇನೆಯ ಬಂದೂಕುಗಳಲ್ಲಿ ಇದು ಸಾಮಾನ್ಯ. ಇದರ ಮೈ ಸ್ಪಂಜಿನಂತೆ ಎಣ್ಣೆ ಹಿಡಿದುಕೊಳ್ಳುತ್ತದೆ, ಹಾಗಾಗಿ ಮೊದಲ ಸಲ ಧಾರಾಳವಾಗಿ ಹಾಕಿ, ಒಂದು ರಾತ್ರಿ ಬಿಟ್ಟು ಒರೆಸಿ. ನಿಕಲ್ ಲೇಪವಿದ್ದರೆ ನಳಿಗೆಯಲ್ಲಿ ಗುಂಡು ಬಿಟ್ಟುಹೋದ ತಾಮ್ರವನ್ನು ಕರಗಿಸುವ, ಅಮೋನಿಯಾ ಇರುವ ದ್ರವವನ್ನು ದೂರವಿಡಿ: ನಿಕಲ್‌ನ ಅಡಿಯಲ್ಲಿ ತಾಮ್ರದ ಪದರವಿದ್ದರೆ ಸಣ್ಣ ಬಿರುಕಿನೊಳಗಿಂದ ಇಳಿದು ಲೇಪವನ್ನೇ ಎಬ್ಬಿಸುತ್ತದೆ. ಆ್ಯಕ್ಷನ್‌ನ ಮೇಲೆ ನೀಲಿ, ಕಂದು, ಹಳದಿ ಮೋಡಗಳಂತೆ ಬೆರೆತ ಬಣ್ಣವಿದ್ದರೆ ಅದನ್ನು ಉಜ್ಜಲೇಬೇಡಿ. ಉಕ್ಕಿನ ಹೊರಪದರವನ್ನು ಗಡುಸುಗೊಳಿಸುವಾಗ ಮೂಡುವ ಆ ಬಣ್ಣ ಬಹಳ ನಾಜೂಕಿನದು, ಬಿಸಿಲಿಗೂ ಮಾಸುತ್ತದೆ. ಇನ್ನು ಸ್ಟೇನ್‌ಲೆಸ್ ಉಕ್ಕು. ಹೆಸರನ್ನು ನಂಬಿ ಅದನ್ನು ಹಾಗೆಯೇ ಬಿಡುವವರು ಬಹಳ. ಬೆವರಿನ ಮತ್ತು ಸಮುದ್ರದ ಉಪ್ಪು ಅದನ್ನು ಕಾಯುವ ಕ್ರೋಮಿಯಂ ಆಕ್ಸೈಡ್ ಪದರವನ್ನು ಅಲ್ಲಲ್ಲಿ ಒಡೆದು ಸೂಜಿಮೊನೆಯಂತಹ ಗುಳಿಗಳನ್ನು ಕೊರೆಯುತ್ತದೆ.

ಹಂತ 3: ಬಿಚ್ಚಿ, ಒರೆಸಿ, ಒಣಗಿಸಿ

ತಯಾರಕರ ಕೈಪಿಡಿ ಬಿಚ್ಚಲು ಹೇಳಿದಷ್ಟನ್ನು ಮಾತ್ರ ಬಿಚ್ಚಿ. ಜೋಡಿನಳಿಗೆಯ ಕೋವಿಯ ಲಾಕ್‌ಗಳನ್ನು, ಅಂದರೆ ತೋಟಾ ಸಿಡಿಸುವ ಒಳಯಂತ್ರವನ್ನು, ಮನೆಯಲ್ಲಿ ಬಿಚ್ಚಬೇಡಿ, ಅದು ಬಂದೂಕು ರಿಪೇರಿಯವರ ಕೆಲಸ. ಸ್ಟಾಕ್ ಬೇರೆಯಾದ ಮೇಲೆ ಮೊದಲು ನೋಡಬೇಕಾದದ್ದು ನಾನು ಆಗಲೇ ಹೇಳಿದ ಗೆರೆಯನ್ನು: ನಳಿಗೆ ಮರದೊಳಗೆ ಇಳಿಯುವ ಅಂಚು, ಟ್ರಿಗರ್ ಸುತ್ತಲಿನ ಲೋಹದ ಬಳೆ, ಬೆಲ್ಟ್ ಸಿಕ್ಕಿಸುವ ಕೊಂಡಿಗಳ ಬುಡ, ಭುಜಕ್ಕೆ ತಾಗುವ ಹಿಂಬದಿಯ ತಟ್ಟೆಯ ಅಡಿ.

ಬರಿಗೈಯಲ್ಲಿ ಮುಟ್ಟಿದ ಲೋಹವನ್ನು ಒರೆಸದೆ ಬಿಡಬೇಡಿ. ಕೆಲವರ ಬೆವರಿನಲ್ಲಿ ಉಪ್ಪು ಎಷ್ಟಿರುತ್ತದೆಂದರೆ, ಬೆಳಗ್ಗೆ ಹಿಡಿದ ಜಾಗದಲ್ಲಿ ಮರುದಿನವೇ ಬೆರಳಚ್ಚಿನ ಸುಳಿಗಳು ತುಕ್ಕಿನಲ್ಲಿ ಮೂಡಿರುತ್ತವೆ.

ಕರಿಮದ್ದು ಅಥವಾ ಹಳೆಯ ಸೇನಾ ತೋಟಾ ಬಳಸಿದ್ದರೆ ಒಂದು ವಿಶೇಷ ಎಚ್ಚರಿಕೆ. ಹಳೆಯ ತೋಟಾಗಳ ಸಿಡಿಮದ್ದಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪನ್ನು ನಳಿಗೆಯೊಳಗೆ ಉಳಿಸುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಮೊದಲು ಬಿಸಿನೀರು, ಆಮೇಲೆ ಒಣ ಬಟ್ಟೆ, ಕೊನೆಗೆ ಎಣ್ಣೆ. ಕರಿಮದ್ದಿನ ಮಸಿಗೂ ಇದೇ ಕ್ರಮ. ಉಪ್ಪಿನ ಮೇಲೆ ಎಣ್ಣೆ ಹಾಕಿದರೆ ತುಕ್ಕನ್ನು ಮುಚ್ಚಿಟ್ಟಂತೆ ಅಷ್ಟೇ.

ಹಂತ 4: ತುಕ್ಕು ಎದ್ದಿದ್ದರೆ

ಜಾಗಕ್ಕೆ ಎಣ್ಣೆ ಹಾಕಿ ಕೆಲವು ಗಂಟೆ ಬಿಡಿ. ಎಣ್ಣೆಯಲ್ಲಿ ತೋಯ್ಸಿದ ಕಂಚಿನ ನಾರಿನಿಂದ, ಮಗುವಿನ ಕೆನ್ನೆ ಒರೆಸುವಷ್ಟೇ ಒತ್ತಡದಲ್ಲಿ, ಸಣ್ಣ ಸುತ್ತುಗಳಲ್ಲಿ ಉಜ್ಜಿ. ನಾಲ್ಕೈದು ಸುತ್ತಿಗೊಮ್ಮೆ ನಿಲ್ಲಿಸಿ, ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಚಹಾದ ಕಲೆಯಂತಹ ಕೆಂಪು ಬಂದರೆ ತುಕ್ಕು ಏಳುತ್ತಿದೆ, ಮುಂದುವರಿಸಿ. ಮಸಿ, ಕೊಳೆ ಎಲ್ಲ ಹೋದ ಮೇಲೂ ಕಪ್ಪು ಬರುತ್ತಿದ್ದರೆ, ಇಲ್ಲವೇ ಅಡಿಯ ಬಿಳಿ ಉಕ್ಕು ಮಿನುಗಿದರೆ ಬ್ಲೂಯಿಂಗ್ ಏಳುತ್ತಿದೆ. ಅಲ್ಲಿಗೇ ಕೈ ತೆಗೆಯಿರಿ. ಗುಳಿಯೊಳಗೆ ಉಳಿದ ಕಪ್ಪು ಚುಕ್ಕೆಯನ್ನು ತೆಗೆಯಲು ಹೋಗಬೇಡಿ. ಎಣ್ಣೆಯೋ ಮೇಣವೋ ಮುಚ್ಚಿದ್ದರೆ ಅದು ಬೆಳೆಯುವುದಿಲ್ಲ. ಅದನ್ನು ಕೆರೆದು ತೆಗೆಯುವ ಯತ್ನ ಸುತ್ತಲಿನ ಒಳ್ಳೆಯ ಮೈಯನ್ನೂ ಹಾಳು ಮಾಡುತ್ತದೆ.

ಬಣ್ಣ ಹೋದ ಸಣ್ಣ ಜಾಗಕ್ಕೆ ಹಚ್ಚಲು ಕೋಲ್ಡ್ ಬ್ಲೂ ಎಂಬ ದ್ರವ ಸಿಗುತ್ತದೆ. ಸೆಲೆನಿಯಂ ಸಂಯುಕ್ತವಿರುವ ಆ ದ್ರವ ವಿಷಕಾರಿ, ಕೈಗವಸು ಬೇಕೇ ಬೇಕು. ಅದು ಬಣ್ಣ ಕೊಡುತ್ತದೆಯೇ ಹೊರತು ಹೇಳಿಕೊಳ್ಳುವಂತಹ ರಕ್ಷಣೆಯನ್ನಲ್ಲ.

ಹಂತ 5: ಲೋಹಕ್ಕೆ ಎಲ್ಲಿ ಎಣ್ಣೆ, ಎಲ್ಲಿ ಮೇಣ

ಎಣ್ಣೆ ಚಲಿಸುವ ಭಾಗಗಳಿಗೆ ಮತ್ತು ನಳಿಗೆಯ ಒಳಮೈಗೆ. ಹೊರಮೈಗೆ ನಾನು ಮೇಣವನ್ನೇ ಹೇಳುತ್ತೇನೆ. ಎಣ್ಣೆ ಹರಿಯುತ್ತದೆ, ಧೂಳು ಹಿಡಿಯುತ್ತದೆ, ಕೈ ತಾಗಿದರೆ ಅಳಿಸುತ್ತದೆ, ಮೆಲ್ಲನೆ ಜಾರಿ ಮರದೊಳಗೆ ಇಳಿಯುತ್ತದೆ. ಮೇಣ ಹಚ್ಚಿದಲ್ಲೇ ಇರುತ್ತದೆ. ವಸ್ತುಸಂಗ್ರಹಾಲಯಗಳು ಆಯುಧಗಳಿಗೆ ಮೈಕ್ರೋಕ್ರಿಸ್ಟಲಿನ್ ಮೇಣ (ಪೆಟ್ರೋಲಿಯಂನಿಂದ ತೆಗೆದ, ಅತಿ ಸಣ್ಣ ಹರಳುಗಳ ಮೇಣ) ಬಳಸುವುದು ಇದಕ್ಕಾಗಿಯೇ. ಅಂಥದ್ದೇ ಆದ ರೆನೆಸಾನ್ಸ್ ಮೇಣವನ್ನು ಬ್ರಿಟಿಷ್ ಮ್ಯೂಸಿಯಂನ ವಿಜ್ಞಾನಿಗಳು 1950ರ ದಶಕದಲ್ಲಿ ರೂಪಿಸಿದರು. ನೈಸರ್ಗಿಕ ಮೇಣಗಳು ಕಾಲಾಂತರದಲ್ಲಿ ಆಮ್ಲೀಯವಾಗಬಹುದು, ಇದು ಹಾಗಾಗುವುದಿಲ್ಲ.

ಮೇಣ ಹಚ್ಚುವ ಮೊದಲು ಮೈಯಲ್ಲಿ ಎಣ್ಣೆಯ ಜಿಡ್ಡು ಇರಬಾರದು. ವೈಟ್ ಸ್ಪಿರಿಟ್‌ನಲ್ಲಿ (ಬಣ್ಣ ತೆಳುಗೊಳಿಸಲು ಬಳಸುವ ಪೆಟ್ರೋಲಿಯಂ ದ್ರವ) ಅದ್ದಿದ ಬಟ್ಟೆಯಿಂದ ಲೋಹವನ್ನಷ್ಟೇ ಒರೆಸಿ. ಅದು ಆರಿದ ಮೇಲೆ ಮೇಣವನ್ನು ಬೆರಳ ತುದಿಯಷ್ಟು ತೆಗೆದುಕೊಂಡು, ಕಂಡೂ ಕಾಣದಷ್ಟು ತೆಳುವಾಗಿ ಹರಡಿ. ಮಂಜು ಕವಿದಂತೆ ಮಂಕಾದಾಗ ಒಣ ಬಟ್ಟೆಯಿಂದ ಹೊಳಪು ಬರಿಸಿ. ಇದನ್ನೇ ಇನ್ನೊಮ್ಮೆ ಮಾಡಿ. ಮರದಡಿಯಲ್ಲಿ ಅಡಗುವ ಲೋಹಕ್ಕೂ ಇದೇ ಮೇಣ, ಅಲ್ಲಿಗಂತೂ ಎಣ್ಣೆ ಬೇಡವೇ ಬೇಡ. ಇಡೀ ಲೇಖನದಲ್ಲಿ ಒಂದೇ ಒಂದನ್ನು ಮಾಡಲು ನಿಮಗೆ ಸಮಯವಿದ್ದರೆ ಇದನ್ನು ಮಾಡಿ.

ಡಬ್ಲ್ಯುಡಿ-40 ಸಾಕಲ್ಲವೇ ಎಂದು ಕೇಳುವವರಿಗೆ: 1953ರಲ್ಲಿ ತಯಾರಾದ ಆ ದ್ರವದ ಹೆಸರಿನ ಅರ್ಥವೇ ನೀರನ್ನು ಸರಿಸುವುದು, 40ನೆಯ ಯತ್ನ ಎಂದು. ನೆನೆದ ಲೋಹದಿಂದ ನೀರು ಓಡಿಸಲು ಅದು ಒಳ್ಳೆಯದು. ತಿಂಗಳುಗಟ್ಟಲೆ ಕಾಯಲು ಅದರ ತೆಳು ಪದರ ಸಾಲದು. ಅಡುಗೆ ಎಣ್ಣೆಯನ್ನು ಎಂದೂ ಹಾಕಬೇಡಿ, ಕಮಟು ಹಿಡಿದು ಅಂಟಾಗುತ್ತದೆ.

ಹಂತ 6: ಮರ

ಮರ ತೇವ ಹೀರಿದಾಗ ಉದ್ದಕ್ಕೆ ಬೆಳೆಯುವುದಿಲ್ಲವೆಂದೇ ಹೇಳಬೇಕು, ಎಳೆಗೆ ಅಡ್ಡಲಾಗಿ ಉಬ್ಬುತ್ತದೆ. ಒಂದು ಬದಿ ಹೆಚ್ಚು ಉಬ್ಬಿದರೆ ಮುಂಭಾಗ ಬಾಗಿ ನಳಿಗೆಯನ್ನು ಒತ್ತುತ್ತದೆ. ನಿನ್ನೆಯವರೆಗೆ ಸರಿಯಾಗಿ ಗುರಿಗೆ ತಾಗುತ್ತಿದ್ದ ರೈಫಲ್ ಮಳೆಯ ನಂತರ ಪಕ್ಕಕ್ಕೆ ಹೊಡೆಯುವುದಕ್ಕೆ ಬಹಳ ಸಲ ಇದೇ ಕಾರಣ.

ಮೊದಲು ಮರದ ಲೇಪವನ್ನು ಗುರುತಿಸಿ. ಹಿಂಬದಿಯ ತಟ್ಟೆಯ ಅಡಿಯಂತಹ ಮರೆಯಾದ ಜಾಗದಲ್ಲಿ ಒಂದು ಹನಿ ಅಗಸೆ ಎಣ್ಣೆ ಇಡಿ. ಕೆಲವು ನಿಮಿಷಗಳಲ್ಲಿ ಹೀರಿಕೊಂಡರೆ ಅದು ಎಣ್ಣೆ ಕುಡಿದ ಮರ. ಮುತ್ತಿನಂತೆ ನಿಂತರೆ ಮೇಲೆ ವಾರ್ನಿಷ್, ಪಾಲಿಯುರೆಥೇನ್ ಅಥವಾ ಅರಗಿನ ಪದರವಿದೆ. ಆಲ್ಕೋಹಾಲ್ ಇರುವ ಸ್ಪಿರಿಟ್ (ವೈಟ್ ಸ್ಪಿರಿಟ್ ಅಲ್ಲ) ತಾಗಿಸಿದಾಗ ಅಂಟಂಟಾದರೆ ಅದು ಅರಗು. ನೀರು ನಿಂತರೆ ಬಿಳಿಚಿಕೊಳ್ಳುವುದು ಇದರ ಸ್ವಭಾವ. ಪದರವಿರುವ ಮರಕ್ಕೆ ಎಣ್ಣೆ ಹಚ್ಚಿ ಪ್ರಯೋಜನವಿಲ್ಲ, ಮೇಲೆಯೇ ಉಳಿದು ಅಂಟಾಗುತ್ತದೆ. ಪದರ ಗಟ್ಟಿಯಾಗಿದ್ದರೆ ಮೇಣ ಸಾಕು.

ಎಣ್ಣೆ ಕುಡಿಯುವ ಮರಕ್ಕೆ ಹೀಗೆ ಮಾಡಿ. ಹಸಿ ಅಗಸೆ ಎಣ್ಣೆ ಆರಲು ದಿನಗಟ್ಟಲೆ, ಒಮ್ಮೊಮ್ಮೆ ವಾರಗಟ್ಟಲೆ ಬೇಕು. ‘ಬಾಯ್ಲ್ಡ್’ ಎಂದು ಮಾರುವ ಅಗಸೆ ಎಣ್ಣೆಗೆ ಬೇಗ ಆರಿಸುವ ಲೋಹದ ಲವಣಗಳನ್ನು ಸೇರಿಸಿರುತ್ತಾರೆ, ಅದು ಸುಮಾರು ಒಂದು ದಿನದಲ್ಲಿ ಆರುತ್ತದೆ. ನೀರು ತಡೆಯುವುದರಲ್ಲಿ ಟಂಗ್ ಎಣ್ಣೆ ಇನ್ನೂ ಮೇಲು. ಯಾವುದಾದರೂ ಸರಿ, ಕೆಲವೇ ಹನಿ ಹಾಕಿ, ಅಂಗೈಯ ಬಿಸಿ ತಾಗುವಂತೆ ಉಜ್ಜಿ, ಕಾಲು ಗಂಟೆಯ ನಂತರ ಮೇಲೆ ಉಳಿದದ್ದನ್ನು ಪೂರ್ತಿ ಒರೆಸಿ. ಒಂದು ದಿನ ಆರಿಸಿ, ಮತ್ತೊಮ್ಮೆ. ಹೆಚ್ಚು ಹಾಕಿದರೆ ಹೆಚ್ಚು ರಕ್ಷಣೆ ಎಂದುಕೊಂಡವರ ಸ್ಟಾಕ್ ಮೇಲೆ ಧೂಳು ಕಚ್ಚಿದ ಜಿಗುಟು ಪದರವೊಂದು ಉಳಿಯುತ್ತದೆ.

ಎಚ್ಚರಿಕೆ: ಅಗಸೆ ಎಣ್ಣೆ ಆರುವುದೆಂದರೆ ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುವುದು, ಆಗ ಬಿಸಿ ಹುಟ್ಟುತ್ತದೆ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಬಿಸಿ ಒಳಗೇ ಕೂಡಿ, ಯಾರೂ ಕಿಡಿ ತಾಗಿಸದಿದ್ದರೂ ಬೆಂಕಿ ಹೊತ್ತಿಕೊಳ್ಳುತ್ತದೆ. ಬಟ್ಟೆಯನ್ನು ಬಯಲಿನಲ್ಲಿ ಒಂಟಿ ಪದರವಾಗಿ ಹರಡಿ ಆರಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ. ಕೆಲಸ ಮುಗಿದ ಕೂಡಲೇ ಮಾಡಿ, ಮರುದಿನಕ್ಕೆ ಬಿಡಬೇಡಿ.

ಈಗ ಹೆಚ್ಚಿನವರು ಮುಟ್ಟದ ಜಾಗ. ಮರದ ಎಳೆಯನ್ನು ಅಡ್ಡಕ್ಕೆ ಕೊಯ್ದ ತುದಿಯಲ್ಲಿ ರಂಧ್ರಗಳು ಹುಲ್ಲುಕಡ್ಡಿಯ ಕಟ್ಟಿನಂತೆ ಬಾಯ್ತೆರೆದಿರುತ್ತವೆ. ಪಕ್ಕದ ಮೈಗಿಂತ ಎಷ್ಟೋ ಪಟ್ಟು ವೇಗವಾಗಿ ಅಲ್ಲಿಂದ ನೀರು ಒಳಸೇರುತ್ತದೆ. ಹಿಂಬದಿಯ ತಟ್ಟೆಯ ಅಡಿ, ಮುಂತುದಿ, ಸ್ಕ್ರೂ ತೂತುಗಳು, ತೋಟಾಪೆಟ್ಟಿಗೆಯ ಗೂಡು, ನಳಿಗೆ ಕೂರುವ ಕಾಲುವೆ, ಇವನ್ನು ಕಾರ್ಖಾನೆಗಳೇ ಎಷ್ಟೋ ಸಲ ಹಸಿಯಾಗಿ ಬಿಟ್ಟಿರುತ್ತವೆ. ತೆಳುಗೊಳಿಸಿದ ಪಾಲಿಯುರೆಥೇನ್ ಅಥವಾ ಟಂಗ್ ಎಣ್ಣೆಯನ್ನು ಸಣ್ಣ ಬ್ರಷ್‌ನಿಂದ, ಕುಡಿಯುವುದು ನಿಲ್ಲುವ ತನಕ, ಎರಡು ಮೂರು ಬಾರಿ ಹಚ್ಚಿ. ದಪ್ಪ ಪದರ ನಿಲ್ಲಿಸಬೇಡಿ: ಲೋಹ ಮೊದಲಿನಂತೆ ಕೂರದೆ ಹೋಗುತ್ತದೆ.

ಮರಳುಕಾಗದ ಬೇಡ. ಮರ ಸವೆದು ಪಕ್ಕದ ಲೋಹಕ್ಕಿಂತ ತಗ್ಗಾಗುತ್ತದೆ. ಹಳೆಯ ಮುದ್ರೆಗಳಿದ್ದರೆ ಅಳಿಸಿಹೋಗುತ್ತವೆ, ಅವನ್ನು ಮತ್ತೆ ತರಲಾಗದು. ಸಿಲಿಕೋನ್ ಸ್ಪ್ರೇ ಬೇಡ. ಅದು ಇಳಿದ ಮರದ ಮೇಲೆ ಮುಂದೆ ಯಾವ ವಾರ್ನಿಷ್ಷೂ ಸರಿಯಾಗಿ ಕೂರುವುದಿಲ್ಲ. ಮೈಗೆ ಸೊಳ್ಳೆನಿವಾರಕ ಹಚ್ಚಿಕೊಂಡಿದ್ದರೆ ಕೈ ತೊಳೆದು ಕೋವಿ ಹಿಡಿಯಿರಿ: ಅದರಲ್ಲಿರುವ ಡೀಟ್ ಎಂಬ ರಾಸಾಯನಿಕ ವಾರ್ನಿಷ್ಷನ್ನೂ ಕೆಲವು ಪ್ಲಾಸ್ಟಿಕ್‌ಗಳನ್ನೂ ಕರಗಿಸುತ್ತದೆ. ಹೊಳೆಯುವ ಸ್ಟಾಕ್ ಮೇಲೆ ಐದು ಬೆರಳ ಗುರುತು ಶಾಶ್ವತವಾಗಿ ಉಳಿಯಬಹುದು.

ಹಂತ 7: ನೆನೆದು ಬಂದ ದಿನ

ಎಷ್ಟೇ ದಣಿದಿದ್ದರೂ ಆ ರಾತ್ರಿಯೇ ಸ್ಟಾಕ್ ಬಿಚ್ಚಿ. ಖಾಲಿ ಮಾಡಿ, ಹೊರಗಿನ ನೀರು ಒರೆಸಿ, ಮರ ಮತ್ತು ಲೋಹವನ್ನು ಬೇರೆ ಬೇರೆ ಇಡಿ. ಲೋಹಕ್ಕೆ ನೀರು ಸರಿಸುವ ಸ್ಪ್ರೇ, ಒರೆಸಿದ ಮೇಲೆ ಹಂತ 5ರಲ್ಲಿ ಹೇಳಿದಂತೆ ಎಣ್ಣೆ ಅಥವಾ ಮೇಣ. ಸಮುದ್ರದ ನೀರು ತಾಗಿದ್ದರೆ ಎಲ್ಲಕ್ಕೂ ಮೊದಲು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಮರವನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ, ಅದರ ಪಾಡಿಗೆ ಆರಲು ಬಿಡಿ. ಒಲೆಯ ಹತ್ತಿರ, ಬಿಸಿಲಿಗೆ, ಕೂದಲೊಣಗಿಸುವ ಯಂತ್ರಕ್ಕೆ ಹಿಡಿದರೆ ಹೊರಪದರ ಮೊದಲು ಕುಗ್ಗಿ ಬಿರುಕು ಬಿಡುತ್ತದೆ. ಮರುದಿನ ಮತ್ತೆ ಲೋಹವನ್ನು ನೋಡಿ. ಸ್ಕ್ರೂ ತೂತುಗಳಲ್ಲಿ, ಸಂದುಗಳಲ್ಲಿ ಅಡಗಿದ್ದ ನೀರು ರಾತ್ರಿ ಹೊರಬಂದಿರುತ್ತದೆ.

ಮಳೆಯೇ ಇಲ್ಲದಿದ್ದರೂ ಕೋವಿ ನೆನೆಯಬಹುದು. ಕೊರೆಯುವ ಚಳಿಯಿಂದ ಬೆಚ್ಚನೆಯ ಕೋಣೆಗೆ ತಂದಾಗ ತಣ್ಣನೆಯ ಉಕ್ಕಿನ ಮೇಲೆ, ನಳಿಗೆಯ ಒಳಗೂ, ಇಬ್ಬನಿ ಕಟ್ಟುತ್ತದೆ. ಚೀಲದಲ್ಲಿದ್ದರೆ ಚೀಲವನ್ನು ತೆರೆಯದೆ, ಕೋಣೆಯ ಬಿಸಿಗೆ ಬರುವ ತನಕ ಕೆಲವು ಗಂಟೆ ಹಾಗೆಯೇ ಬೀಗದೊಳಗೆ ಬಿಡಿ. ಆಮೇಲೆ ತೆಗೆದು ಒರೆಸಿ.

ಹಂತ 8: ಇಡುವ ಜಾಗ

ಗಾಳಿಯ ಸಾಪೇಕ್ಷ ಆರ್ದ್ರತೆ, ಅಂದರೆ ಆ ಬಿಸಿಯಲ್ಲಿ ಗಾಳಿ ಹಿಡಿಯಬಲ್ಲ ತೇವದಲ್ಲಿ ಎಷ್ಟು ಪಾಲು ಈಗ ಇದೆ ಎಂಬುದು, ಶೇಕಡಾ 40ರಿಂದ 50ರ ನಡುವೆ ಇದ್ದರೆ ಮರಕ್ಕೂ ಲೋಹಕ್ಕೂ ಒಳ್ಳೆಯದು. ಶೇಕಡಾ 60 ದಾಟಿದರೆ ತುಕ್ಕಿನ ವೇಗ ಏರುತ್ತದೆ. ತೀರಾ ಒಣಗಿದರೆ ಮರ ಕುಗ್ಗಿ ಸೀಳುತ್ತದೆ. ಆದ್ದರಿಂದ ಆರ್ದ್ರತೆಮಾಪಕವೊಂದನ್ನು ಕಪಾಟಿನಲ್ಲಿಡಿ, ಅಂದಾಜಿನ ಮೇಲೆ ನಡೆಯಬೇಡಿ.

ತೇವ ಹೀರಲು ಸಿಲಿಕಾ ಜೆಲ್ ಇಡಬಹುದು. ಅದು ತುಂಬಿದ ಮೇಲೆ ಕೆಲಸ ನಿಲ್ಲಿಸುತ್ತದೆ ಎಂಬುದನ್ನು ಮರೆತು ವರ್ಷಗಟ್ಟಲೆ ಅದೇ ಪೊಟ್ಟಣವನ್ನು ನಂಬುವವರಿದ್ದಾರೆ. ಬಣ್ಣ ಬದಲಾಯಿಸುವ ಬಗೆಯದನ್ನು ತನ್ನಿ. ಬಣ್ಣ ತಿರುಗಿದಾಗ ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಕಾಯಿಸಿದರೆ ಮತ್ತೆ ಸಿದ್ಧ. ನೀಲಿಯಿಂದ ಗುಲಾಬಿಗೆ ತಿರುಗುವ ಕಾಳುಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಿದೆ, ಅವನ್ನು ಅಡುಗೆಯ ಒವನ್‌ನಲ್ಲಿ ಕಾಯಿಸಬೇಡಿ. ಕಿತ್ತಳೆ ಬಣ್ಣದವು ಮೇಲು.

ಚರ್ಮದ ಒರೆಯಲ್ಲಿ, ಸ್ಪಂಜು ಹಾಸಿದ ಪೆಟ್ಟಿಗೆಯಲ್ಲಿ ದೀರ್ಘಕಾಲ ಇಡಬೇಡಿ. ಅವು ಸಾಗಿಸಲು ಮಾತ್ರ. ಚರ್ಮ ಹದಮಾಡಿದ ರಾಸಾಯನಿಕಗಳು ಲೋಹವನ್ನು ತಿನ್ನುತ್ತವೆ, ಸ್ಪಂಜು ತೇವವನ್ನು ಮೈಗೆ ಒತ್ತಿ ಹಿಡಿಯುತ್ತದೆ. ತೇವ ಹೋಗಲೆಂದು ನಳಿಗೆಯ ಬಾಯಿಗೆ ಬಟ್ಟೆ ತುರುಕುವ ಅಭ್ಯಾಸ ಅತ್ಯಂತ ಅಪಾಯಕಾರಿ. ಅದು ಒಳಗಿರುವುದನ್ನು ಮರೆತು ಗುಂಡು ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಕಪಾಟಿನಲ್ಲಿ ಸಾಧ್ಯವಾದರೆ ನಳಿಗೆಯ ಬಾಯಿ ಕೆಳಗಾಗಿ, ಮೆತ್ತನೆಯ ಹಾಸಿನ ಮೇಲೆ ನಿಲ್ಲಿಸಿ. ಆಗ ಹೆಚ್ಚಾದ ಎಣ್ಣೆ ಬಾಯಿಯ ಕಡೆ ಇಳಿಯುತ್ತದೆ. ಬಾಯಿ ಮೇಲಾಗಿ ನಿಂತ ಕೋವಿಯಲ್ಲಿ ಅದೇ ಎಣ್ಣೆ ಆ್ಯಕ್ಷನ್ ದಾಟಿ ಸ್ಟಾಕ್‌ನ ಕೊರಳಿಗೆ ಸೇರುತ್ತದೆ. ಹೊಡೆತದ ಒತ್ತಡವೆಲ್ಲ ಬೀಳುವ ಆ ಸಣ್ಣ ಜಾಗದಲ್ಲಿ ಕಪ್ಪಾಗಿ, ಉಗುರು ಒತ್ತಿದರೆ ಇಳಿಯುವಷ್ಟು ಮೆತ್ತಗಾದ ಮರವನ್ನು ಹಳೆಯ ಕೋವಿಗಳಲ್ಲಿ ಕಾಣಬಹುದು. ‘ಮರ ಯಾಕೆ ಕಪ್ಪಾಗುತ್ತಿದೆ’ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ತಿಂಗಳಿಗೊಮ್ಮೆ ಹೊರತೆಗೆದು ನೋಡಿ. ತೇವದ ದಿನಗಳಲ್ಲಿ ವಾರಕ್ಕೊಮ್ಮೆ. ವರ್ಷಕ್ಕೊಮ್ಮೆಯಾದರೂ ಸ್ಟಾಕ್ ಬಿಚ್ಚಿ ಆ ಗೆರೆಗೆ ಹೊಸದಾಗಿ ಮೇಣ ಹಚ್ಚಿ.

ಹಂತ 9: ಮತ್ತೆ ಬಳಸುವ ಮೊದಲು

ಸರಳಿಗೆ ಒಣ ಬಟ್ಟೆಯ ತುಂಡು ಸಿಕ್ಕಿಸಿ ನಳಿಗೆಯನ್ನೂ ತೋಟಾ ಕೂರುವ ಕೋಣೆಯನ್ನೂ, ಬಟ್ಟೆಯಲ್ಲಿ ಎಣ್ಣೆಯ ಗುರುತು ಕಾಣದಂತಾಗುವ ತನಕ ಒರೆಸಿ. ಉಳಿದ ಎಣ್ಣೆ ಮೊದಲ ಗುಂಡನ್ನು ದಾರಿ ತಪ್ಪಿಸಬಹುದು, ಹೆಚ್ಚಿದ್ದರೆ ಒತ್ತಡವನ್ನು ಅಪಾಯದ ಮಟ್ಟಕ್ಕೆ ಏರಿಸಬಹುದು. ಕೊನೆಗೆ ಆ್ಯಕ್ಷನ್ ತೆರೆದು, ಹಿಂದಿನಿಂದ ನಳಿಗೆಯೊಳಗೆ ಕಣ್ಣಿಟ್ಟು ಬೆಳಕಿನ ಕಡೆ ಹಿಡಿಯಿರಿ. ಆ ತುದಿಯಲ್ಲಿ ಬೆಳಕಿನ ದುಂಡು ಪೂರ್ತಿಯಾಗಿ, ಎಲ್ಲೂ ಮುರಿಯದೆ ಕಾಣಬೇಕು.